ಬಾಲ ಭಾರವಾದ ರಾಕೆಟ್ಟು

ನಾನು ಮುಖ್ಯೋಪಾಧ್ಯಾಯನಾಗಿದ್ದ ಕಾಲದಲ್ಲಿ, ದೀಪಾವಳಿ ಕಳೆದ ಒಂದು ಸೋಮವಾರ, ಎಂಟನೇ ತರಗತಿಯ ಹುಡುಗನೊಬ್ಬ ಬಲಗೈಗೆ ಬಟ್ಟೆ ಸುತ್ತಿಕೊಂಡು ಶಾಲೆಗೆ ಬಂದ. ನಮ್ಮ ತಾಳವಾಡಿ ಸೀಮೆಯಲ್ಲಿ ಕಾಡಂಚಿನ ಹೊಲದವರ ಮನೆಯಲ್ಲಿ ಹಬ್ಬ ಇರಲಿ ಬಿಡಲಿ, ಪಟಾಕಿ ಇದ್ದೇ ಇರುತ್ತದೆ. ಜೋಳದ ಹೊಲಕ್ಕೆ ಆನೆ ಇಳಿದರೆ ಹೆದರಿಸಿ ಓಡಿಸಲು ಬೇಕಲ್ಲ. ಆ ಪಟಾಕಿಯ ಮದ್ದನ್ನು ಬಿಡಿಸಿ ಕಬ್ಬಿಣದ ಕೊಳವೆಗೆ ತುಂಬಿ ಅವನು ರಾಕೆಟ್ಟು ಮಾಡಲು ಹೋಗಿದ್ದ. ಅದು ಮೇಲಕ್ಕೆ ಹೋಗಲಿಲ್ಲ, ಇದ್ದಲ್ಲೇ ಸಿಡಿಯಿತು. ಎರಡು ಬೆರಳಿನ ತುದಿ ಹೋದವು. ಕಣ್ಣು ಉಳಿದದ್ದು ಅವನ ಪುಣ್ಯ.

ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹಬ್ಬಕ್ಕೆ ಮೊದಲಿನ ವಾರ ವಿಜ್ಞಾನದ ಪಾಠದಲ್ಲಿ ರಾಕೆಟ್ಟಿನ ಚಿತ್ರ ತೋರಿಸಿದಾಗ, "ಇದು ಹೆಂಗ್ ಸಾ ಮ್ಯಾಕ್ಕ ಹೋಯ್ತದ?" ಎಂದು ಕೇಳಿದವನು ಅವನೇ. "ಅದೆಲ್ಲ ನಿನಗ್ಯಾಕೋ, ಪರೀಕ್ಷೆಗೆ ಬರೋದನ್ನ ಬರ್ಕೊ" ಎಂದವನು ನಾನು. ಮಕ್ಕಳ ಕುತೂಹಲಕ್ಕೆ ನಾವು ಮುಂಬಾಗಿಲು ಹಾಕಿದರೆ ಅದು ಹಿತ್ತಿಲ ಬಾಗಿಲಿನಿಂದ ಹೊರಗೆ ಹೋಗುತ್ತದೆ. ಹಾಗೆ ಹೋದಾಗ ಜೊತೆಯಲ್ಲಿ ದೊಡ್ಡವರು ಯಾರೂ ಇರುವುದಿಲ್ಲ.

ಆ ವರ್ಷದಿಂದ ಇಂದಿನವರೆಗೆ, ನಿವೃತ್ತನಾದ ಮೇಲೂ, ಬಿಡುವಾದ ಶನಿವಾರಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಮಾದರಿ ರಾಕೆಟ್ಟು ಕಟ್ಟಿಸುತ್ತಿದ್ದೇನೆ, ಬಣ್ಣ ಬಳಿಸುತ್ತಿದ್ದೇನೆ. ಇದರಲ್ಲಿ ಬೆಂಕಿಯಿಲ್ಲ, ಮದ್ದಿಲ್ಲ, ಹೆಚ್ಚಿನ ಖರ್ಚೂ ಇಲ್ಲ. ಕನ್ನಡ ಶಾಲೆಗೆ ಮಕ್ಕಳನ್ನು ಕಳಿಸುವ ತಾಯ್ತಂದೆಯರು ಇದನ್ನು ಮನೆಯಲ್ಲೇ ಮಾಡಿಸಬಹುದು.

ಬೂಟಿನ ಅಂಗಡಿಯವನ ಉಪಾಯ

ಈ ಹವ್ಯಾಸ ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿಯೂ ಕಾರಣ ಹೆಚ್ಚುಕಡಿಮೆ ಇದೇ. 1957ರ ಅಕ್ಟೋಬರ್ 4ರಂದು ಸೋವಿಯತ್ ದೇಶ ಸ್ಪುಟ್ನಿಕ್ ಹಾರಿಸಿದ ಮೇಲೆ ಅಲ್ಲಿನ ಹುಡುಗರಿಗೆ ರಾಕೆಟ್ಟಿನ ಹುಚ್ಚು ಹಿಡಿಯಿತು. ಮನೆಯ ನೆಲಮಾಳಿಗೆಯಲ್ಲಿ ಕೂತು ಮದ್ದು ಅರೆದು ಲೋಹದ ಕೊಳವೆಗೆ ತುಂಬುವವರು, ಗಾಯ ಮಾಡಿಕೊಳ್ಳುವವರು ಹೆಚ್ಚಿದರು. ಆದರೆ ಇದಕ್ಕೆ ಪರಿಹಾರ ಮೂರು ವರ್ಷ ಮೊದಲೇ ಸಿದ್ಧವಾಗಿತ್ತು. ನೆಬ್ರಾಸ್ಕಾ ರಾಜ್ಯದ ನಾರ್ಫೋಕ್ ಎಂಬ ಊರಿನಲ್ಲಿ ಬೂಟಿನ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ ಎಂಬಾತ 1954ರಲ್ಲಿ ಕಾಗದದ ಮೈ, ಹಗುರ ಮರದ ರೆಕ್ಕೆ, ಬದಲಾಯಿಸಬಹುದಾದ ಪುಟ್ಟ ಮೋಟಾರು, ಇಳಿಯಲು ಪ್ಯಾರಾಚೂಟು ಇರುವ ರಾಕೆಟ್ಟು ಮಾಡಿದ್ದ. ಕ್ಷಿಪಣಿ ಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಹ್ಯಾರಿ ಸ್ಟೈನ್ ಎಂಬವರು 1957ರಲ್ಲಿ ಪತ್ರಿಕೆಯೊಂದಕ್ಕೆ ಬರೆದ ಲೇಖನ ಓದಿ, ಕಾರ್ಲೈಲ್ ತನ್ನ ಮಾದರಿಗಳನ್ನು ಅವರಿಗೆ ಕಳಿಸಿಕೊಟ್ಟ. ಇಬ್ಬರೂ ಸೇರಿ ಇದನ್ನು ಎಲ್ಲರ ಹವ್ಯಾಸವಾಗಿ ಮಾಡಿದರು.

ಅಂದು ಬಂದ ನಿಯಮಗಳು ಇಂದಿಗೂ ನಿಂತಿವೆ: ರಾಕೆಟ್ಟಿನ ಮೈ ಲೋಹದ್ದಾಗಿರಬಾರದು, ಮದ್ದನ್ನು ಯಾರೂ ಸ್ವಂತವಾಗಿ ಬೆರೆಸಬಾರದು, ಹಚ್ಚುವುದು ದೂರದಿಂದ ವಿದ್ಯುತ್ ತಂತಿಯ ಮೂಲಕವೇ ಆಗಬೇಕು.

ಅಂಥ ಕಾರ್ಖಾನೆಯ ಮೋಟಾರು ನಮ್ಮ ಸಂತೆಯಲ್ಲಿ ಸಿಗುವುದಿಲ್ಲ. ಸಿಕ್ಕರೂ ಬೇಸಿಗೆಯಲ್ಲಿ ಒಣಗಿ ನಿಂತ ಕಾಡಿನ ಪಕ್ಕದಲ್ಲಿ ಬೆಂಕಿಯಾಟ ನಮಗೆ ಬೇಡ. ನಮಗೆ ಗಾಳಿ ಸಾಕು.

ಒಂದು ಬಾಟಲಿ, ಒಂದು ಪೈಪು

ತಂಪು ಪಾನೀಯದ ಎರಡು ಲೀಟರ್ ಖಾಲಿ ಬಾಟಲಿ, ಒಂದು ಗೇಣು ಹಳೇ ಸೈಕಲ್ ಟ್ಯೂಬು, ಒಂದು ಮೊಳ ಅರ್ಧ ಇಂಚಿನ ಪಿವಿಸಿ ಪೈಪು. ಬಾಟಲಿಯ ಬಾಯಿಗೆ ಟ್ಯೂಬಿನ ಒಂದು ತುದಿ, ಪೈಪಿಗೆ ಇನ್ನೊಂದು ತುದಿ ಸೇರಿಸಿ ಗಾಳಿ ಸೋರದಂತೆ ಬಿಗಿಯಾಗಿ ಸುತ್ತಿ. ಪೈಪು ನೆಟ್ಟಗೆ ನಿಲ್ಲುವಂತೆ ಮಣ್ಣು ತುಂಬಿದ ಡಬ್ಬದಲ್ಲಿ ಹೂಳಿ. ಇದೇ ಉಡಾವಣಾ ವೇದಿಕೆ.

ರಾಕೆಟ್ಟಿಗೆ ಒಂದು ಹಾಳೆ ಸಾಕು. ಅದೇ ಅಳತೆಯ ಪೈಪಿನ ತುಂಡಿಗೆ ಮೊದಲು ಒಂದು ಸುತ್ತು ತೆಳು ಕಾಗದ ಸುತ್ತಿ, ಅದರ ಮೇಲೆ ಹಾಳೆಯನ್ನು ಸುರುಳಿ ಮಾಡಿ ಅಂಟಿಸಿದರೆ ಕೊಳವೆ ಸಲೀಸಾಗಿ ಜಾರುತ್ತದೆ. ಒಂದು ತುದಿಯನ್ನು ಮಡಚಿ ಮುಚ್ಚಿ ಕಾಗದದ ಮೂತಿ ಕೂರಿಸಿ. ಇನ್ನೊಂದು ತುದಿಯಲ್ಲಿ ಹಳೇ ಲಗ್ನಪತ್ರಿಕೆಯ ರಟ್ಟಿನಿಂದ ಕತ್ತರಿಸಿದ ಮೂರು ರೆಕ್ಕೆಗಳನ್ನು ಸಮ ಅಂತರದಲ್ಲಿ ಅಂಟಿಸಿ. ರಾಕೆಟ್ಟನ್ನು ಪೈಪಿಗೆ ತೊಡಿಸಿ ಬಾಟಲಿಯನ್ನು ಒಮ್ಮೆ ಜೋರಾಗಿ ತುಳಿದರೆ ಅದು ತೆಂಗಿನ ಮರದ ತಲೆ ನೋಡಿ ಬರುತ್ತದೆ.

ಎರಡು ಎಚ್ಚರ: ಪೈಪಿನ ಮೇಲೆ ಮುಖ ಬಗ್ಗಿಸಬಾರದು, ಯಾರ ಕಡೆಗೂ ಗುರಿ ಇಡಬಾರದು. ಮೂತಿ ಕಾಗದದ್ದೇ ಇರಲಿ.

ಬಣ್ಣಕ್ಕೂ ತೂಕವಿದೆ

ಮಕ್ಕಳಿಗೆ ಹಾರಿಸುವಷ್ಟೇ ಇಷ್ಟ ಬಣ್ಣ ಬಳಿಯುವುದು. ಇದರಲ್ಲಿ ಅವಸರ ನಡೆಯುವುದಿಲ್ಲ. ಮೊದಲು ನೀರು ಬೆರೆಸಿದ ಫೆವಿಕಾಲನ್ನು ತೆಳ್ಳಗೆ ಸವರಿ ಒಣಗಿಸಬೇಕು, ಇಲ್ಲದಿದ್ದರೆ ಕಾಗದ ಬಣ್ಣವನ್ನು ಕುಡಿದು ಸುಕ್ಕುಗಟ್ಟುತ್ತದೆ. ಆಮೇಲೆ ನುಣುಪಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಬೇಕು. ನಂತರ ಒಂದು ಕೈ ಬಿಳಿ. ಅದು ಪೂರ್ತಿ ಒಣಗಿದ ಮೇಲೆ ತಿಳಿ ಬಣ್ಣ, ಕೊನೆಗೆ ಗಾಢ ಬಣ್ಣ. ಪಟ್ಟೆ ನೇರ ಬರಬೇಕಾದರೆ ಅಂಟುಪಟ್ಟಿ ಹಚ್ಚಿ ಬಳಿದು, ಬಣ್ಣ ಹಸಿಯಿರುವಾಗಲೇ ನಿಧಾನವಾಗಿ ಕೀಳಬೇಕು. "ಸಾ, ಒಣಗ್ತಾ?" ಎಂದು ಬೆರಳಿಟ್ಟು ನೋಡಿದವರ ರಾಕೆಟ್ಟಿನ ಮೇಲೆ ಬೆರಳಚ್ಚು ಖಾಯಂ.

ದೊಡ್ಡ ರಾಕೆಟ್ಟುಗಳಲ್ಲೂ ಬಣ್ಣ ಬರೀ ಚೆಂದಕ್ಕಲ್ಲ. ಚಂದ್ರನಲ್ಲಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5ರ ಮೈಮೇಲಿನ ಕಪ್ಪು-ಬಿಳುಪು ಪಟ್ಟೆಗಳು ರಾಕೆಟ್ಟು ಮೇಲೇರುವಾಗ ಎಷ್ಟು ತಿರುಗುತ್ತಿದೆ ಎಂದು ಕ್ಯಾಮೆರಾದಲ್ಲಿ ನೋಡಲು ಇದ್ದವು. ಅಮೆರಿಕದ ಸ್ಪೇಸ್ ಷಟಲ್ಲಿನ ದೊಡ್ಡ ಇಂಧನ ತೊಟ್ಟಿಗೆ ಮೊದಲ ಎರಡು ಹಾರಾಟಗಳಲ್ಲಿ ಬಿಳಿ ಬಣ್ಣ ಬಳಿದಿದ್ದರು. ಮೂರನೆಯ ಹಾರಾಟದಿಂದ ಬಿಟ್ಟುಬಿಟ್ಟರು. ಬಣ್ಣ ಬಿಟ್ಟದ್ದರಿಂದಲೇ ಸುಮಾರು 270 ಕಿಲೋ ತೂಕ ಉಳಿಯಿತು. ಆ ತೊಟ್ಟಿ ಆಮೇಲೆ ಕಿತ್ತಳೆ ಬಣ್ಣದಲ್ಲಿ ಕಾಣುತ್ತಿದ್ದುದು ಅದಕ್ಕೇ. ಅದು ಒಳಗಿನ ನೊರೆಪದರದ ಬಣ್ಣ.

ಇದನ್ನು ನಾನು ಪಾಠವಾಗಿ ಹೇಳುವ ಮೊದಲೇ ಏಳನೇ ತರಗತಿಯ ಒಂದು ಕೂಸು ತಾನಾಗಿಯೇ ಕಂಡುಹಿಡಿದಳು. ಅವಳ ರಾಕೆಟ್ಟಿನಷ್ಟು ಚೆಂದದ್ದು ಆ ದಿನ ಇನ್ನೊಂದು ಇರಲಿಲ್ಲ. ರೆಕ್ಕೆಗಳಿಗೆ ಮೂರು ಕೈ ಕೆಂಪು, ಅಂಚಿಗೆ ಚಿನ್ನದ ಬಣ್ಣ. ಬಾಟಲಿ ತುಳಿದಾಗ ಅದು ಎರಡಾಳು ಎತ್ತರ ಹೋಗಿ, ಗಾಳಿಯಲ್ಲಿ ಪಲ್ಟಿ ಹೊಡೆದು, ಅವಳ ಕಾಲ ಬುಡದಲ್ಲೇ ಬಿತ್ತು. ಹುಡುಗರೆಲ್ಲ ನಕ್ಕರು. ಅವಳು ಅಳಲಿಲ್ಲ. ಹಾರಿದ ಇನ್ನೊಂದು ರಾಕೆಟ್ಟನ್ನು ಕೇಳಿ ಇಸಿದುಕೊಂಡು, ಎರಡನ್ನೂ ಒಂದೊಂದಾಗಿ ತೋರುಬೆರಳಿನ ಮೇಲೆ ತೂಗಿ ನಿಲ್ಲಿಸಿದಳು. ಬರಿಯ ಕಾಗದದ್ದು ನಡುವಿನಲ್ಲಿ ತೂಗಿತು. ಅವಳದ್ದು ಬಾಲದ ಹತ್ತಿರ ತೂಗಿತು.

"ಬಾಲ ಭಾರ ಆಗೋಯ್ತು ಸಾ. ಬಣ್ಣ ಜಾಸ್ತಿ ಬಳ್ದ್‌ಬುಟ್ಟೆ" ಎಂದಳು.

"ಈಗೇನು ಮಾಡ್ತೀಯವ್ವ?"

"ಮೂತಿಗ ಒಸಿ ಮಣ್ಣು ತುಂಬ್ತೀನಿ."

ತೂಗುವ ಜಾಗಕ್ಕೆ ದಾರ ಕಟ್ಟಿ, ತಲೆಯ ಮೇಲೆ ಗಿರಗಿರ ತಿರುಗಿಸಿ ನೋಡಲು ಹೇಳಿಕೊಟ್ಟೆ. ಮೂತಿ ಮುಂದಾಗಿ ತಿರುಗಿದರೆ ರಾಕೆಟ್ಟು ನೆಟ್ಟಗೆ ಹಾರುತ್ತದೆ, ಅಡ್ಡಾದಿಡ್ಡಿ ತಿರುಗಿದರೆ ಮೂತಿಗೆ ಇನ್ನಷ್ಟು ಭಾರ ಬೇಕು. ಗೋಲಿಯಷ್ಟು ಜೇಡಿಮಣ್ಣು ಸಾಕಾಯಿತು. ಮತ್ತೆ ತುಳಿದಾಗ ರಾಕೆಟ್ಟು ಶಾಲೆಯ ಹೆಂಚಿನ ಮಾಡು ದಾಟಿ ಹೋಯಿತು.

ಆಗ ನಾನು ಹಲಗೆಯ ಮೇಲೆ ಎರಡು ಪದ ಬರೆದೆ. ಬೆರಳಿನ ಮೇಲೆ ತೂಗಿದ ಜಾಗ 'ಗುರುತ್ವ ಕೇಂದ್ರ'. ಎದುರು ಬರುವ ಗಾಳಿಯ ಒತ್ತಡವೆಲ್ಲ ಕೂಡಿ ಬೀಳುವ ಜಾಗ 'ಒತ್ತಡ ಕೇಂದ್ರ'. ಮೊದಲನೆಯದು ಮೂತಿಯ ಕಡೆ, ಎರಡನೆಯದು ಬಾಲದ ಕಡೆ ಇರಬೇಕು. ರೆಕ್ಕೆ ಇರುವುದು ಒತ್ತಡ ಕೇಂದ್ರವನ್ನು ಹಿಂದಕ್ಕೆ ಎಳೆಯಲು.

ದೀಪಾವಳಿ ರಾಕೆಟ್ಟಿನ ಉದ್ದನೆಯ ಕಡ್ಡಿ ಮಾಡುವ ಕೆಲಸವೂ ಇದೇ. ಹೈದರ್ ಮತ್ತು ಟಿಪ್ಪುವಿನ ಸೈನ್ಯ ಬಳಸಿದ ಕಬ್ಬಿಣದ ಕೊಳವೆಯ ಬಾಣಗಳಿಗೆ ಬಿದಿರು ಕಟ್ಟುತ್ತಿದ್ದುದೂ ಇದಕ್ಕೇ. ನಮ್ಮ ಮಗ್ಗುಲಿನ ಗಜಲಹಟ್ಟಿ ಕಣಿವೆಯಲ್ಲೇ 1790ರಲ್ಲಿ ಟಿಪ್ಪುವಿನ ಸೈನ್ಯ ಸತ್ಯಮಂಗಲಕ್ಕೆ ಇಳಿದದ್ದು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳು ಬಾವಿಯಲ್ಲಿ ಅಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕವು. ನಾವು 'ಬಾಣ ಬಿರುಸು' ಎನ್ನುವುದರಲ್ಲಿರುವ ಬಾಣವೇ ತಮಿಳಿನವರ 'ವಾಣವೇಡಿಕ್ಕೈ'ಯಲ್ಲೂ ಇದೆ ಎಂದಾಗ ಮಕ್ಕಳ ಕಣ್ಣು ಅರಳುತ್ತದೆ.

ಬಿದ್ದದ್ದನ್ನು ಮತ್ತೆ ಎತ್ತುವುದು

ಹೈಸ್ಕೂಲು ಮಕ್ಕಳಿಗೆ ನಾನು ಕೊಡುವ ಕೆಲಸ ಎಸ್‌ಎಲ್‌ವಿ-3ರ ಮಾದರಿ. ಆ ರಾಕೆಟ್ಟಿನ ಎತ್ತರ ಸುಮಾರು 22 ಮೀಟರ್, ಕೆಳಗಿನ ಹಂತದ ದಪ್ಪ 1 ಮೀಟರ್. ಐವತ್ತನೇ ಒಂದು ಪಾಲಿಗೆ ಇಳಿಸಿದರೆ 44 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ. ನಮ್ಮ ಅರ್ಧ ಇಂಚಿನ ಪೈಪಿನ ಹೊರ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಅನುಪಾತದ ಲೆಕ್ಕ ಅಲ್ಲೇ ಕಲಿತಾಯಿತು. ಹಾರಿಸುವ ರಾಕೆಟ್ಟಿನ ಎತ್ತರ ಅಳೆಯಲು ಕೋನಮಾಪಕಕ್ಕೆ ದಾರ, ದಾರದ ತುದಿಗೆ ಕಲ್ಲು ಕಟ್ಟಿ ನೋಡುತ್ತಾರೆ. 45 ಡಿಗ್ರಿ ಕೋನದಲ್ಲಿ ಕಂಡರೆ ನಿಂತ ಜಾಗದಿಂದ ವೇದಿಕೆಗೆ ಎಷ್ಟು ದೂರವೋ, ನಮ್ಮ ಕಣ್ಣಿನ ಮಟ್ಟದಿಂದ ರಾಕೆಟ್ಟು ಅಷ್ಟೇ ಎತ್ತರ. ತ್ರಿಕೋನಮಿತಿಗೆ ಹೆದರುವ ಮಗು ಇದಕ್ಕೆ ಹೆದರುವುದಿಲ್ಲ.

ಎಸ್‌ಎಲ್‌ವಿ-3 ಆರಿಸಲು ಇನ್ನೊಂದು ಕಾರಣವಿದೆ. 1979ರ ಆಗಸ್ಟ್ 10ರಂದು ಅದರ ಮೊದಲ ಹಾರಾಟ ಸೋತು, ರಾಕೆಟ್ಟು ಬಂಗಾಳ ಕೊಲ್ಲಿಯಲ್ಲಿ ಬಿತ್ತು. ಯೋಜನೆಯ ಮುಖ್ಯಸ್ಥರು ಅಬ್ದುಲ್ ಕಲಾಂ. ಆದರೆ ಪತ್ರಕರ್ತರ ಮುಂದೆ ಹೋಗಿ ಸೋಲಿನ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. ಮರುವರ್ಷ ಜುಲೈ 18ರಂದು ಅದೇ ಬಗೆಯ ರಾಕೆಟ್ಟು 35 ಕಿಲೋ ತೂಕದ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಧವನ್ ಮಾತನಾಡಲು ಕಲಾಂ ಅವರನ್ನು ಮುಂದೆ ಕಳಿಸಿದರು. ಅಂಕಪಟ್ಟಿ ಬಂದ ದಿನ ತಂದೆತಾಯಿಗಳೂ ಮೇಷ್ಟರುಗಳೂ ನೆನಪಿಟ್ಟುಕೊಳ್ಳಬೇಕಾದ ಸಂಗತಿ ಇದು.

ಯಾವ ಭಾಷೆಯಲ್ಲಿ ಹಾರುತ್ತದೆ?

ಹೋದ ತಿಂಗಳು ಒಬ್ಬ ತಂದೆ ಬಂದು ಕೇಳಿದರು: "ಸಾ, ಕೂಸ್ನ ಇಂಗ್ಲಿಷ್ ಇಸ್ಕೂಲ್ಗ ಹಾಕದಾ ಅಂತ ಯೋಚ್ನ ಮಾಡ್ತಾ ಇವ್ನಿ. ಕನ್ನಡ್ದಲ್ಲಿ ಓದುದ್ರ ಸೈನ್ಸು ಹತ್ತದಾ?" ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಗುವಿನ ಮುಂದಿನ ಬದುಕಿನ ಪ್ರಶ್ನೆ ಅದು. ಸಾಲ ಮಾಡಿ ಫೀಸು ಕಟ್ಟಲು ಸಿದ್ಧರಾದವರು ಕೇಳುವ ಪ್ರಶ್ನೆ.

ನನ್ನದೇ ಉತ್ತರ ಹೇಳುತ್ತೇನೆ. ಊರಿನಲ್ಲಿ ಕನ್ನಡದಲ್ಲಿ ಓದಿ, ಹೈಸ್ಕೂಲಿಗೆ ಕಣಿವೆ ಇಳಿದು ತಮಿಳು ಮಾಧ್ಯಮಕ್ಕೆ ಸೇರಿದವನು ನಾನು. 1975ರಲ್ಲಿ ಆರ್ಯಭಟ ಉಪಗ್ರಹ ಹಾರಿದ ಸುದ್ದಿಯನ್ನು ಹಾಸ್ಟೆಲಿನ ರೇಡಿಯೋದಲ್ಲಿ ತಮಿಳಿನಲ್ಲೇ ಕೇಳಿದೆ. ಗುರುತ್ವ ಕೇಂದ್ರವನ್ನು 'ಈರ್ಪ್ಪು ಮೈಯಂ' ಎಂದು ಬಾಯಿಪಾಠ ಮಾಡಿ ಪೂರ್ತಿ ಅಂಕ ಪಡೆದೆ. ಅದು ಏನೆಂದು ತಿಳಿದಿರಲಿಲ್ಲ. ತಪ್ಪು ತಮಿಳಿನದ್ದಲ್ಲ, ಕನ್ನಡದಲ್ಲಿ ಉರು ಹೊಡೆದಿದ್ದರೂ ಅಷ್ಟೇ ಆಗುತ್ತಿತ್ತು. ನಮ್ಮ ಕೈಗೆ ಯಾರೂ ಒಂದು ಕಡ್ಡಿಯನ್ನು ಕೊಟ್ಟು ಬೆರಳಿನ ಮೇಲೆ ತೂಗಲು ಹೇಳಲಿಲ್ಲ. 'ಬಾಲ ಭಾರ ಆಗೋಯ್ತು' ಎಂದ ಕೂಸಿಗೆ ವಿಷಯ ಮೊದಲು ಬಂತು, ಪದ ಆಮೇಲೆ ಬಂತು. ಹಾಗೆ ಬಂದ ವಿಷಯಕ್ಕೆ ಮುಂದೆ ತಮಿಳು ಪದ, ಇಂಗ್ಲಿಷ್ ಪದ ಅಂಟಿಸುವುದು ಕಷ್ಟವಲ್ಲ. ವಿಷಯವೇ ಇಲ್ಲದೆ ಪದ ಮಾತ್ರ ಬಂದರೆ ಯಾವ ಮಾಧ್ಯಮವೂ ಕಾಪಾಡದು. ಪೊಳ್ಳಾಚಿ ಬಳಿಯ ಕೋದವಾಡಿಯ ಮಯಿಲ್‌ಸಾಮಿ ಅಣ್ಣಾದುರೈ, ಕನ್ಯಾಕುಮಾರಿ ಜಿಲ್ಲೆಯ ಕೆ. ಶಿವನ್ ಇಬ್ಬರೂ ಹಳ್ಳಿಯ ತಮಿಳು ಮಾಧ್ಯಮದ ಸರ್ಕಾರಿ ಶಾಲೆಯಲ್ಲಿ ಓದಿದವರು. ಮೊದಲನೆಯವರು ಚಂದ್ರಯಾನ-1ರ ಯೋಜನಾ ನಿರ್ದೇಶಕರಾದರು, ಎರಡನೆಯವರು ಇಸ್ರೋ ಅಧ್ಯಕ್ಷರಾದರು.

ಇಂಗ್ಲಿಷ್ ಬೇಡವೆಂದು ನಾನು ಹೇಳುವುದಿಲ್ಲ, ಚೆನ್ನಾಗಿ ಕಲಿಸಿ. ಆದರೆ ಶಾಲೆ ಬದಲಾಯಿಸುವ ಮೊದಲು ಒಂದು ಶನಿವಾರ ಮಗುವಿನ ಜೊತೆ ಜಗಲಿಯಲ್ಲಿ ಕೂತು ಒಂದು ರಾಕೆಟ್ಟು ಮಾಡಿ. ಅದು ಬಿದ್ದರೆ ಏಕೆ ಬಿತ್ತೆಂದು ಮಗುವನ್ನೇ ಕೇಳಿ. ಮನೆಮಾತಿನಲ್ಲಿ ಅದು ಕೊಡುವ ಉತ್ತರ ಕೇಳಿಸಿಕೊಂಡ ಮೇಲೆ ತೀರ್ಮಾನ ಮಾಡಿ.

ಅಂದು ಬೆರಳು ಸುಟ್ಟುಕೊಂಡ ಹುಡುಗ ಈಗ ಪ್ಲಂಬರ್. ನಮ್ಮ ಶನಿವಾರದ ಮಕ್ಕಳಿಗೆ ಪೈಪು ಕೊಯ್ದು ಕೊಡುವವನು ಅವನೇ. ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಮೊನ್ನೆ ಒಂದು ಮಗು ಅವನ ಕೈ ನೋಡಿ "ಏನಾಯ್ತಣ್ಣ?" ಎಂದು ಕೇಳಿತು. ಅವನು ಮುಚ್ಚಿಡದೆ ನಡೆದದ್ದೆಲ್ಲವನ್ನೂ ಹೇಳಿದ. ನನ್ನ ಮಾತನ್ನೊಂದು ಮಾತ್ರ ಬಿಟ್ಟ. ಅದನ್ನು ನಾನೇ ಸೇರಿಸಿದೆ.