ಗಾಳಿಯಿಂದ ತಂತಿಗೆ, ತಂತಿಯಿಂದ ಗಾಳಿಗೆ

ಮನೆಯ ಮೂಲೆಯಲ್ಲಿ ಹಸಿರು ದೀಪಗಳನ್ನು ಮಿಟುಕಿಸುತ್ತ ಕುಳಿತಿರುವ ವೈ-ಫೈ ಪೆಟ್ಟಿಗೆಯನ್ನು ಓದುಗರೆಲ್ಲರೂ ಬಲ್ಲರು. ಗೋಡೆಯಿಂದ ಅದರವರೆಗೆ ತಂತಿ. ಅಲ್ಲಿಂದ ಮುಂದೆ ಬರಿಯ ಗಾಳಿ. ತಂತಿಯೇ ಹಿರಿಯಣ್ಣ, ಗಾಳಿಯ ದಾರಿ ನಿನ್ನೆ ಮೊನ್ನೆಯದು ಎಂದು ನಾವು ಭಾವಿಸುವುದು ಸಹಜ. ನಡೆದ ಸಂಗತಿ ಬೇರೆ. ಇಂದು ಕಚೇರಿಗಳಲ್ಲೆಲ್ಲ ಗಣಕಯಂತ್ರಗಳನ್ನು ಬೆಸೆದಿರುವ ತಂತಿಯು ತನ್ನ ಮೊದಲ ಪಾಠವನ್ನು ಕಲಿತದ್ದು ನಿಸ್ತಂತು ವ್ಯವಸ್ಥೆಯೊಂದರಿಂದ. ಅದೂ ಪೆಸಿಫಿಕ್ ಮಹಾಸಾಗರದ ನಡುವೆ ಚದುರಿಬಿದ್ದಿರುವ ಹವಾಯಿ ದ್ವೀಪಗಳಲ್ಲಿ.

ಹವಾಯಿ ವಿಶ್ವವಿದ್ಯಾಲಯದ ದೊಡ್ಡ ಗಣಕಯಂತ್ರವಿದ್ದುದು ಹೊನೊಲುಲು ನಗರದಲ್ಲಿ. ಅದಕ್ಕೆ ಸೇರಿದ ಕಾಲೇಜುಗಳಾದರೋ ಬೇರೆ ಬೇರೆ ದ್ವೀಪಗಳಲ್ಲಿದ್ದವು. ದೂರದಿಂದ ಆ ಯಂತ್ರವನ್ನು ಬಳಸಬೇಕಾದರೆ ಟೆಲಿಫೋನ್ ತಂತಿಯನ್ನು ಬಾಡಿಗೆಗೆ ಹಿಡಿಯಬೇಕು. ಕುಳಿತವನು ಒಂದು ಸಾಲು ಬೆರಳಚ್ಚಿಸುತ್ತಾನೆ, ಗಲ್ಲಕ್ಕೆ ಕೈಯಿಟ್ಟು ಯೋಚಿಸುತ್ತಾನೆ, ಮತ್ತೊಂದು ಸಾಲು ಬೆರಳಚ್ಚಿಸುತ್ತಾನೆ. ತಂತಿ ಸುಮ್ಮನೆ ಬಿದ್ದಿದ್ದರೂ ಬಾಡಿಗೆ ಮಾತ್ರ ಓಡುತ್ತಿರುತ್ತದೆ! ಈ ದುಂದು ನಾರ್ಮನ್ ಅಬ್ರಾಮ್‌ಸನ್ ಎಂಬ ಪ್ರಾಧ್ಯಾಪಕರನ್ನು ಕಾಡಿತು. ಅವರು ಹವಾಯಿಗೆ ಬಂದುದಕ್ಕೆ ಕಡಲಿನ ಅಲೆಗಳ ಮೇಲೆ ಹಲಗೆ ಹತ್ತಿ ಜಾರುವ ಆಟದ ಹುಚ್ಚೂ ಒಂದು ಕಾರಣವೆಂಬುದು ಪ್ರಸಿದ್ಧವಾಗಿದೆ. ಅಂಥವರು ರೇಡಿಯೋ ಅಲೆಯನ್ನೂ ನಂಬಿದರೆ ಆಶ್ಚರ್ಯವೇನು?

1968ರಲ್ಲಿ ಕೆಲಸ ಆರಂಭವಾಯಿತು; 1971ರ ಜೂನ್‌ನಲ್ಲಿ ಮೊದಲ ಸಂದೇಶದ ಪೊಟ್ಟಣ ಹಾರಿತು. ವ್ಯವಸ್ಥೆಗೆ ‘ಅಲೋಹಾ’ ಎಂದು ಹೆಸರಿಟ್ಟರು. ಅಲ್ಲಿಯವರಿಗೆ ಅದು ನಮ್ಮ ‘ನಮಸ್ಕಾರ’ವಿದ್ದಂತೆ.

ಎಲ್ಲ ಕೇಂದ್ರಗಳಿಗೂ ಸಂದೇಶ ಕಳುಹಿಸಲು ಇದ್ದ ರೇಡಿಯೋ ದಾರಿ ಒಂದೇ. ಸರದಿ ಹೇಳುವ ಯಜಮಾನನಿಲ್ಲ. ಹೇಳಬೇಕಾದುದನ್ನು ಯಾರು ಬೇಕಾದರೂ, ಯಾವಾಗ ಬೇಕಾದರೂ ಹೇಳಿಬಿಡಬಹುದು. ಇಬ್ಬರು ಒಮ್ಮೆಗೇ ಬಾಯಿ ತೆರೆದರೆ ಮಾತುಗಳು ಡಿಕ್ಕಿ ಹೊಡೆದು ಎರಡೂ ಕೆಡುತ್ತವೆ. ‘ತಲುಪಿತು’ ಎಂಬ ಉತ್ತರ ಬಾರದಿದ್ದರೆ ಕಳುಹಿಸಿದವನು ಕೊಂಚ ಕಾಲ ಸುಮ್ಮನಿದ್ದು ಮತ್ತೆ ಕಳುಹಿಸುತ್ತಾನೆ. ಗುಟ್ಟಿರುವುದು ಈ ‘ಕೊಂಚ ಕಾಲ’ದಲ್ಲಿಯೇ. ಇಬ್ಬರೂ ಅಷ್ಟೇ ಹೊತ್ತು ಕಾದರೆ ಮತ್ತೆ ಡಿಕ್ಕಿಯಾಗುವುದು ಖಂಡಿತ. ಆದುದರಿಂದ ಎಷ್ಟು ಹೊತ್ತು ಕಾಯಬೇಕೆಂಬುದನ್ನು ಪ್ರತಿ ಸಲವೂ ಕವಡೆ ಹಾಕಿದಂತೆ ನಿರ್ಧರಿಸಬೇಕು. ಮದುವೆಯ ಮನೆಯಲ್ಲಿ ಇಬ್ಬರು ಚಿಕ್ಕಮ್ಮಂದಿರು ಒಟ್ಟಿಗೆ ಮಾತು ತೆಗೆದು, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ತೆಗೆಯುವ ಪ್ರಸಂಗವನ್ನು ನೆನೆದುಕೊಂಡರೆ ಸಾಕು.

ಲೆಕ್ಕ ಹಾಕಿದರೆ ಈ ಪದ್ಧತಿಯಲ್ಲಿ ದಾರಿಯ ನೂರು ಪಾಲಿನಲ್ಲಿ ಹೆಚ್ಚೆಂದರೆ 18 ಪಾಲು ಮಾತ್ರ ಸಾರ್ಥಕ. ಇದು ಸೋಲಿನಂತೆ ಕಾಣುತ್ತದೆ. ಆದರೆ ಯೋಚಿಸುತ್ತ ಕುಳಿತವನಿಗಾಗಿ ಇಡೀ ತಂತಿಯನ್ನೇ ಮೀಸಲಿಡುವುದಕ್ಕಿಂತ ಇದೇ ಲೇಸೆಂದು ನನಗೆ ತೋರುತ್ತದೆ.

ಅಬ್ರಾಮ್‌ಸನ್ನರ ಲೇಖನ 1972ರಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬ ತರುಣನ ಕೈಗೆ ಸಿಕ್ಕಿತು. ಆ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯ ಆತನ ಪ್ರೌಢಪ್ರಬಂಧವನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿತ್ತು. ಅಲೋಹಾದ ಗಣಿತವನ್ನು ತಿದ್ದಿ ಬೆಳೆಸಿ ಪ್ರಬಂಧಕ್ಕೆ ಸೇರಿಸಿದ ಮೇಲೆ ಪದವಿ ದೊರೆಯಿತು. ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನಾಲಯದಲ್ಲಿ 1973ರ ಮೇ 22ರಂದು ಆತ ಟಿಪ್ಪಣಿಯೊಂದನ್ನು ಬರೆದು, ಹವಾಯಿಯ ರೇಡಿಯೋ ಉಪಾಯವನ್ನು ತಾಮ್ರದ ಕೇಬಲ್ಲಿನೊಳಕ್ಕೆ ಇಳಿಸುವ ಯೋಜನೆಯನ್ನು ಮುಂದಿಟ್ಟ. ಡೇವಿಡ್ ಬಾಗ್ಸ್ ಎಂಬ ಗೆಳೆಯನೊಡಗೂಡಿ ಅದನ್ನು ಕಟ್ಟಿಯೂ ತೋರಿಸಿದ. ಅಲೋಹಾ ಸೆಕೆಂಡಿಗೆ 9,600 ಬಿಟ್ ಸಾಗಿಸುತ್ತಿದ್ದರೆ ಈ ಕೇಬಲ್ ಸುಮಾರು 29 ಲಕ್ಷ 40 ಸಾವಿರ ಬಿಟ್ ಸಾಗಿಸಿತು. ತಂತಿಯಲ್ಲಿ ಮತ್ತೊಂದು ಅನುಕೂಲವಿತ್ತು. ಮಾತನಾಡುವ ಮೊದಲು ಕಿವಿಗೊಡಬಹುದು. ಮಾತನಾಡುತ್ತಿರುವಾಗಲೂ ಕಿವಿಗೊಟ್ಟು, ಡಿಕ್ಕಿಯಾದೊಡನೆ ನಿಲ್ಲಿಸಬಹುದು.

ಹೆಸರಿಟ್ಟದ್ದು ‘ಈಥರ್‌ನೆಟ್’ ಎಂದು. ಬೆಳಕಿನ ಅಲೆಗಳನ್ನು ಹೊರುವ ಈಥರ್ ಎಂಬ ಪದಾರ್ಥ ವಿಶ್ವವನ್ನೆಲ್ಲ ತುಂಬಿದೆಯೆಂದು ಹಿಂದಿನ ವಿಜ್ಞಾನಿಗಳು ನಂಬಿದ್ದರು. 1887ರಲ್ಲಿ ಮೈಕೆಲ್‌ಸನ್ ಮತ್ತು ಮಾರ್ಲಿ ಹುಡುಕಿದಾಗ ಅದರ ಸುಳಿವೇ ಸಿಗಲಿಲ್ಲ. ಇಲ್ಲದ ವಸ್ತುವಿನ ಹೆಸರು ಕೈಗೆ ಸಿಗುವ ಕೇಬಲ್ಲಿಗೆ ಬಂದುದು ತಮಾಷೆಯಲ್ಲವೇ?

ಮುಂದೆ 1997ರಲ್ಲಿ ನಿಸ್ತಂತು ಜಾಲಕ್ಕೆ ನಿಯಮಾವಳಿ ಸಿದ್ಧವಾದಾಗ ಉಪಾಯ ಮರಳಿ ಗಾಳಿಗೇ ಬಂದಿತು. ಇಲ್ಲಿ ತೊಡಕು ಹೆಚ್ಚು. ರೇಡಿಯೋದಲ್ಲಿ ತನ್ನ ಕೂಗಿನ ಅಬ್ಬರದಲ್ಲಿ ತನಗೆ ಪರರ ಸದ್ದು ಕೇಳಿಸದು. ಆದುದರಿಂದ ವೈ-ಫೈ ಮೊದಲೇ ಕಿವಿಗೊಟ್ಟು, ಕವಡೆ ಹಾಕಿ, ಕಾದು ಮಾತನಾಡುತ್ತದೆ. ಆದರೂ ಅಡಿಗೆಮನೆಯ ಫೋನು ಮತ್ತು ಮಹಡಿಯ ಕಂಪ್ಯೂಟರು ನಡುಮನೆಯ ಪೆಟ್ಟಿಗೆಗೆ ಕೇಳಿಸಿದರೂ ಪರಸ್ಪರ ಕೇಳಿಸದೆ ಇರಬಹುದು. ಆಗ ಡಿಕ್ಕಿ ತಪ್ಪದು. ನೆರೆಮನೆಗಳ ಪೆಟ್ಟಿಗೆಗಳೂ ಅದೇ ದಾರಿಯ ಪಾಲುದಾರರು. ಸಂಜೆ ಎಲ್ಲರೂ ಮನೆ ಸೇರಿದಾಗ ಮಗಳ ಪಾಠದ ಚಿತ್ರ ತಡವರಿಸಿದರೆ ಇದೂ ಒಂದು ಕಾರಣವಾಗಿರಬಹುದು. ಅವಳ ಮೇಜಿನವರೆಗೆ ಒಂದು ತಂತಿ ಎಳೆಸಿ ನೋಡಿ. ಇಂದಿನ ತಂತಿಯಲ್ಲಿ ಪ್ರತಿ ಯಂತ್ರಕ್ಕೂ ಹೋಗಲು ಬರಲು ಬೇರೆ ಬೇರೆ ದಾರಿಯಿರುವುದರಿಂದ ಡಿಕ್ಕಿಯ ಮಾತೇ ಇಲ್ಲ.

ಮೆಟ್‌ಕಾಫರಿಗೆ 2022ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಅಬ್ರಾಮ್‌ಸನ್ 2020ರ ಡಿಸೆಂಬರಿನಲ್ಲಿ, 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹವಾಯಿಯ ದ್ವೀಪಗಳ ನಡುವೆ ಈಗ ಕಡಲ ತಳದಲ್ಲಿ ಗಾಜಿನೆಳೆಯ ಕೇಬಲ್ ಮಲಗಿದೆ.