ಬನ್ನಿ ತಗೊಂಡು ಬಂಗಾರವಾಗೋಣ

ಉತ್ತರ ಕರ್ನಾಟಕದ ಊರುಗಳಲ್ಲಿ ವಿಜಯದಶಮಿಯ ಸಂಜೆ ಒಂದು ಚೆಂದದ ಪದ್ಧತಿ ಇದೆ. ಬನ್ನಿ ಮರಕ್ಕೆ ಪೂಜೆ ಮಾಡಿ, ಅದರ ಎಲೆಗಳನ್ನು ತಂದು ಒಬ್ಬರಿಗೊಬ್ಬರು ಕೊಡುತ್ತಾರೆ. ಚಿಕ್ಕವರು ಹಿರಿಯರ ಕೈಯಲ್ಲಿ ಎಲೆ ಇಟ್ಟು ಕಾಲಿಗೆ ನಮಸ್ಕರಿಸುತ್ತಾರೆ. ಆಗ ಹೇಳುವ ಮಾತು ಇದು: "ಬನ್ನಿ ತಗೊಂಡು ಬಂಗಾರದಂಗ ಇರೋಣ." ಮೈಸೂರಿನ ಮಕ್ಕಳಿಗೂ ಬನ್ನಿ ಹೊಸದಲ್ಲ. ಅರಮನೆಯಿಂದ ಹೊರಟ ಜಂಬೂಸವಾರಿ ಹೋಗಿ ಸೇರುವ ಜಾಗದ ಹೆಸರೇ ಬನ್ನಿಮಂಟಪ.

ಬನ್ನಿಗೆ ಸಂಸ್ಕೃತದಲ್ಲಿ ಶಮೀ ಎನ್ನುತ್ತಾರೆ. ಸಣ್ಣ ಮುಳ್ಳು, ಅದಕ್ಕಿಂತ ಸಣ್ಣ ಎಲೆ. ಮಳೆ ಕಡಿಮೆ ಬೀಳುವ ನೆಲದಲ್ಲೂ ಬೇರನ್ನು ಆಳಕ್ಕೆ ಇಳಿಸಿ ಹಸಿರಾಗಿ ನಿಲ್ಲುವ ಮರ ಇದು. ರಾಜಸ್ಥಾನದಲ್ಲಿ ಖೇಜ್ಡಿ, ತೆಲಂಗಾಣದಲ್ಲಿ ಜಮ್ಮಿ ಎಂದು ಕರೆಯುತ್ತಾರೆ. ಎರಡೂ ಕಡೆ ಅದೇ ರಾಜ್ಯವೃಕ್ಷ.

ಈ ಮರದ ಕಥೆ ನಿಮಗೆ ಗೊತ್ತಿರಬಹುದು. ಪಾಂಡವರು 12 ವರ್ಷ ವನವಾಸ ಮುಗಿಸಿ, 1 ವರ್ಷದ ಅಜ್ಞಾತವಾಸಕ್ಕೆ ವಿರಾಟನಗರಕ್ಕೆ ಹೊರಟರು. ಕೈಯಲ್ಲಿ ಗಾಂಡೀವ, ಗದೆ ಇದ್ದರೆ ಗುರುತು ಸಿಕ್ಕೀತು. ಅದಕ್ಕೇ ಆಯುಧಗಳನ್ನೆಲ್ಲ ಗಂಟು ಕಟ್ಟಿ ಶಮೀವೃಕ್ಷದ ಮೇಲೆ ಇಟ್ಟರು. ಅಷ್ಟು ದೊಡ್ಡ ವೀರರು ವರ್ಷವಿಡೀ ಅಡುಗೆ ಮಾಡಿದರು, ಕುದುರೆ ನೋಡಿಕೊಂಡರು, ಹಸು ಕಾಯ್ದರು, ನಾಟ್ಯ ಕಲಿಸಿದರು.

ಸಿಟ್ಟು, ಹಗೆ, ಹೊಟ್ಟೆಕಿಚ್ಚು ಇವೂ ಒಂದು ರೀತಿಯ ಆಯುಧಗಳೇ. ಬೇರೆಯವರಿಗೆ ತಾಗುವ ಮೊದಲು ಹೊತ್ತುಕೊಂಡವರ ಹೆಗಲನ್ನೇ ನೋಯಿಸುತ್ತವೆ. ಇದನ್ನು ನಾನು ಚಿಕ್ಕವನಿದ್ದಾಗ ಮನೆಯಲ್ಲೇ ಕಂಡೆ.

ನಮ್ಮ ಅಪ್ಪನಿಗೂ ಕಾಕಾನಿಗೂ ಹೊಲದ ಬದುವಿನ ವಿಷಯಕ್ಕೆ ಜಗಳವಾಗಿ ಎರಡು ವರ್ಷ ಮಾತು ನಿಂತಿತ್ತು. ಎರಡು ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಕಾಕಾನ ಮಗ ನನ್ನ ಜತೆಗಾರ. ಇಬ್ಬರೂ ಗೋಲಿ ಆಡುವುದಕ್ಕೆ ಯಾರಿಗೂ ಕಾಣದಂತೆ ಕೆರೆಯ ಆಚೆ ಹೋಗಬೇಕಿತ್ತು. ಅಪ್ಪ ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದರು. ಊಟಕ್ಕೆ ಕೂತಾಗ ಗೋಡೆಯಾಚೆಯಿಂದ ಕಾಕಾನ ಕೆಮ್ಮು ಕೇಳಿದರೆ ಸಾಕು, ಅಪ್ಪನ ಕೈಯ ತುತ್ತು ಅಲ್ಲೇ ನಿಲ್ಲುತ್ತಿತ್ತು.

ಆ ವರ್ಷದ ದಸರೆಗೆ ಸಂಜೆ ಕಾಕಾ ನಮ್ಮ ಹೊಸ್ತಿಲಲ್ಲಿ ಬಂದು ನಿಂತರು. ಏನೂ ವಿವರಿಸಲಿಲ್ಲ. ಅಪ್ಪನ ಕೈಯಲ್ಲಿ ಬನ್ನಿ ಇಟ್ಟು, "ಅಣ್ಣಾ, ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಬಗ್ಗಿದರು. ಅಪ್ಪ ಬಹಳ ಹೊತ್ತು ಎಲೆಯನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ, "ಏ, ಇವನಿಗೆ ಛಾ ಮಾಡು" ಎಂದರು. ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಒಲೆ ಹೊತ್ತಿಸಿದಳು.

ಬದುವಿನ ತಕರಾರು ಅವತ್ತೇ ಮುಗಿಯಲಿಲ್ಲ. ಊರ ಹಿರಿಯರು ಬಂದು ಹಗ್ಗ ಹಿಡಿದು ಅಳೆದದ್ದು ಆಮೇಲೆ. ಆದರೆ ಅಳೆಯುವಾಗ ಅಣ್ಣ ತಮ್ಮ ಇಬ್ಬರೂ ಹಗ್ಗದ ಒಂದೊಂದು ತುದಿ ಹಿಡಿದಿದ್ದರು. ಅಪ್ಪ ಹಲ್ಲು ಕಡಿಯುವುದೂ ನಿಂತಿತೆಂದು ಅವ್ವ ಹೇಳುತ್ತಿದ್ದಳು.

ದೊಡ್ಡವನಾದ ಮೇಲೆ ನನಗೆ ಆ ಪದ್ಧತಿಯ ಜಾಣತನ ತಿಳಿಯಿತು. ತಪ್ಪು ಯಾರದು ಎಂಬ ಲೆಕ್ಕವನ್ನು ಬನ್ನಿ ಕೇಳುವುದಿಲ್ಲ. ಮೊದಲು ಮಾತಾಡುವುದೇ ಕಷ್ಟ, ಆದ್ದರಿಂದ ಆಡುವ ಮಾತನ್ನೂ ಹಿರಿಯರೇ ಸಿದ್ಧ ಮಾಡಿ ಇಟ್ಟಿದ್ದಾರೆ. ದಿನವನ್ನೂ ಗೊತ್ತು ಮಾಡಿದ್ದಾರೆ. ಊರಿಗೆ ಊರೇ ಎಲೆ ಹಿಡಿದು ತಿರುಗುವಾಗ, ಸೋತು ಬಂದವನು ಎಂದು ಯಾರನ್ನೂ ಯಾರೂ ಆಡಿಕೊಳ್ಳುವುದಿಲ್ಲ.

ಈ ಕಥೆ ಹೇಳಿದಾಗ ಆರನೇ ತರಗತಿಯ ನನ್ನ ಮೊಮ್ಮಗ ಒಂದು ಪ್ರಶ್ನೆ ಹಾಕಿದ: "ಅಜ್ಜಾ, ಅರ್ಜುನ ಆಮೇಲೆ ಮರದಿಂದ ಬಿಲ್ಲು ಇಳಿಸಿಕೊಂಡನಲ್ಲ? ಮತ್ತೆ ಬಿಟ್ಟದ್ದು ಎಲ್ಲಿ ಬಂತು?"

ಒಳ್ಳೆಯ ಪ್ರಶ್ನೆ. ಕೌರವರು ವಿರಾಟನ ಹಸುಗಳನ್ನು ಅಟ್ಟಿಕೊಂಡು ಹೋದಾಗ, ಅವನ್ನು ಬಿಡಿಸಲು ಅರ್ಜುನ ಬಿಲ್ಲು ಹಿಡಿದ. ಅಂದರೆ ಸಿಟ್ಟು ಬಿಡುವುದೆಂದರೆ ಅನ್ಯಾಯವನ್ನು ಬಾಯಿ ಮುಚ್ಚಿ ಸಹಿಸುವುದಲ್ಲ. ಶಾಲೆಯಲ್ಲೋ ಬೀದಿಯಲ್ಲೋ ಯಾರಾದರೂ ನಿಮ್ಮನ್ನು ಪದೇ ಪದೇ ನೋಯಿಸುತ್ತಿದ್ದರೆ ಅದನ್ನು ಅಪ್ಪ ಅಮ್ಮನಿಗೆ, ಟೀಚರಿಗೆ ಹೇಳಲೇಬೇಕು. ಹೇಳಿದ ಮೇಲೆ ಅದೇ ನೋವನ್ನು ರಾತ್ರಿಯೆಲ್ಲ ಕೆದಕುತ್ತ ಮಲಗುವುದನ್ನು ಮಾತ್ರ ಬಿಡೋಣ.

ಹೇಗೆ ಬಿಡುವುದು? ಸಿಟ್ಟು ಬಂದಾಗ ಎದೆ ಡವಡವ ಎನ್ನುತ್ತದೆ, ಉಸಿರು ಜೋರಾಗುತ್ತದೆ, ಮುಷ್ಟಿ ಬಿಗಿಯುತ್ತದೆ. ಹೊಡೆದಾಟಕ್ಕೋ ಓಟಕ್ಕೋ ದೇಹ ತಯಾರಾಗುವ ರೀತಿ ಅದು. ಆಗ ಮಾತಾಡಬೇಡಿ. ಉಸಿರನ್ನು ಮೆಲ್ಲಗೆ ಎಳೆದು, ಅದಕ್ಕಿಂತ ಮೆಲ್ಲಗೆ ಹೊರಬಿಡಿ. ಹತ್ತು ಸಲ ಹೀಗೆ ಮಾಡಿದರೆ ಎದೆಬಡಿತ ತಗ್ಗುತ್ತ ಬರುತ್ತದೆ. ನಂತರ ನಿಮ್ಮನ್ನೇ ಕೇಳಿಕೊಳ್ಳಿ: ಇದು ಸಿಟ್ಟೋ, ಬೇಸರವೋ, ಹೊಟ್ಟೆಕಿಚ್ಚೋ? ಎಷ್ಟೋ ಸಲ ಸಿಟ್ಟಿನ ಕೆಳಗೆ ಅಳು ಕೂತಿರುತ್ತದೆ. ಅಳು ಬಂದರೆ ಅತ್ತುಬಿಡಿ, ಹುಡುಗರೂ ಅಳಬಹುದು. ಬಾಯಲ್ಲಿ ಹೇಳಲಾಗದ್ದನ್ನು ಹಾಳೆಯಲ್ಲಿ ಬರೆದು ಹರಿದುಹಾಕಿ. ಕೊನೆಗೆ ನಿಮ್ಮದೇ ಒಂದು ಬನ್ನಿ ಎಲೆ ಹುಡುಕಿ. ಮಾತು ಬಿಟ್ಟ ಗೆಳತಿಗೆ ಡಬ್ಬಿಯ ಅರ್ಧ ಚಕ್ಕುಲಿ ಕೊಡಬಹುದು, ಗೆಳೆಯನನ್ನು ಆಟಕ್ಕೆ ಕರೆಯಬಹುದು. ಅವರು ತಕ್ಷಣ ತೆಗೆದುಕೊಳ್ಳದಿದ್ದರೂ ಬೇಸರ ಬೇಡ. ನಿಮ್ಮ ಹೆಗಲಿನ ಗಂಟು ಕೆಳಗಿಳಿಯಿತಲ್ಲ.

ನನ್ನ ವಯಸ್ಸಿನವರಿಗೂ ಒಂದು ಮಾತು. ನಮಗೆ ಹಳೆಯ ನೋವುಗಳು ನೆನಪಾಗುವುದು ನಡುರಾತ್ರಿಯಲ್ಲಿ, ನಿದ್ದೆ ಬಾರದಾಗ. ಬನ್ನಿ ಕೊಡಬೇಕೆಂದರೆ ಎಷ್ಟೋ ಸಲ ಆ ಮನುಷ್ಯರೇ ಇರುವುದಿಲ್ಲ. ನಮ್ಮ ಅಜ್ಜಿ ಪ್ರತಿ ದಸರೆಗೂ ಒಂದು ಎಲೆಯನ್ನು ಬೇರೆ ತೆಗೆದು ದೇವರ ಮುಂದೆ ಇಡುತ್ತಿದ್ದಳು. ಯಾರಿಗೆ ಎಂದು ಕೇಳಿದರೆ, "ಹೋದವರಿಗೆ" ಎನ್ನುತ್ತಿದ್ದಳು. ಹೆಸರು ಹೇಳುತ್ತಿರಲಿಲ್ಲ. ಎಲೆ ಇಟ್ಟು, ಮಂಡಿ ಹಿಡಿದು ಎದ್ದು, ನಮಗೆಲ್ಲ ಹೋಳಿಗೆ ಬಡಿಸಲು ಬರುತ್ತಿದ್ದಳು.