ಹಂಚಿನ ಬೆನ್ನ ಮೇಲಿನ ಇಸವಿ

ಮಂಗಳೂರಿನಲ್ಲಿ ಹಳೆಯ ಮನೆಯೊಂದನ್ನು ಕೆಡವುವಾಗ ಮೊದಲು ಕೆಳಗಿಳಿಯುವುದು ಮಾಡಿನ ಹಂಚು. ಅಂಗಳದಲ್ಲಿ ಪೇರಿಸಿಟ್ಟ ಹಂಚುಗಳಲ್ಲಿ ಒಂದನ್ನು ತಿರುವಿ ನೋಡಿದರೆ ತಯಾರಕರ ಹೆಸರು, ಊರಿನ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿ ಉಬ್ಬಿಕೊಂಡಿರುತ್ತವೆ. ಕೆಲವದರಲ್ಲಿ 1865 ಎಂಬ ಇಸವಿಯೂ ಇರುತ್ತದೆ. ಅದನ್ನು ಕಂಡು, ತಮ್ಮ ಮನೆಗೆ ಒಂದೂವರೆ ಶತಮಾನ ತುಂಬಿತೆಂದು ಹಿಗ್ಗುವವರುಂಟು. ಆದರೆ ಅದು ಹಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ದಶಕಗಳ ಅನಂತರ ಅಚ್ಚಿನಿಂದ ಹೊರಬಂದ ಹಂಚಿನ ಮೇಲೂ ಅದೇ ಇಸವಿ ಒತ್ತಿಕೊಂಡೇ ಬಂತು.

ಆ ವರ್ಷ ನೇತ್ರಾವತಿ ದಡದ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಆರಂಭವಾಯಿತು. ಅದರ ಹಿಂದಿದ್ದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ. ಮೂಲತಃ ಯಂತ್ರಗಳ ಮನುಷ್ಯ. ಮಿಷನ್ನಿನ ಮುದ್ರಣಾಲಯದಲ್ಲೂ ಕೆಲಸ ಮಾಡಿದವರು. ನದಿದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. ಮಣ್ಣು ಹದಮಾಡಲು ಎತ್ತುಗಳು, ಒತ್ತಲು ಕೈಯಂತ್ರ, ಬೆರಳೆಣಿಕೆಯ ಕೆಲಸಗಾರರು: ಇಷ್ಟೇ ಮೊದಲ ಬಂಡವಾಳ. ಉಗಿಯಂತ್ರ ಬಂದದ್ದು ಆಮೇಲೆ.

ಧರ್ಮಪ್ರಚಾರಕ್ಕೆ ಬಂದವರಿಗೆ ಹಂಚಿನ ಉಸಾಬರಿ ಏಕೆ ಬೇಕಾಯಿತು? ಉತ್ತರ ಹೊಟ್ಟೆಪಾಡಿನಲ್ಲಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಮತಾಂತರಗೊಂಡವರು ಅದರೊಂದಿಗೆ ಜಾತಿಯ ಆಸರೆಯನ್ನೂ, ಅನೇಕ ವೇಳೆ ಮನೆಯನ್ನೂ ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದರು. ಅವರಲ್ಲಿ ಬಿಲ್ಲವರು ಹೆಚ್ಚು. ಈ ಸಮುದಾಯದ ಹಲವರ ಕಸುಬಾದ ಕಳ್ಳು ಇಳಿಸುವುದನ್ನು ಮಿಷನರಿಗಳು ಒಪ್ಪುತ್ತಿರಲಿಲ್ಲ. ಇದ್ದ ಕೆಲಸ ಬಿಡಿಸಿದ ಮೇಲೆ ಬೇರೆ ಕೆಲಸ ಕೊಡಲೇಬೇಕಲ್ಲ! ಮುದ್ರಣ, ನೇಯ್ಗೆ ಮುಂತಾದವುಗಳಲ್ಲಿ ಎಲ್ಲರಿಗೂ ಜಾಗವಿರಲಿಲ್ಲ. ಅಕ್ಷರ ಬಾರದವರಿಗೂ, ಹೆಂಗಸರಿಗೂ, ನೂರಾರು ಕೈಗಳಿಗೆ ಒಟ್ಟಿಗೆ ಕೆಲಸ ಕೊಡಬಲ್ಲ ಉದ್ಯಮವೊಂದು ಬೇಕಿತ್ತು. ಹಂಚು ಆ ಜಾಗಕ್ಕೆ ಸರಿಯಾಗಿ ಕೂತಿತು.

ಅದಕ್ಕೆ ಮುಂಚೆ ಕರಾವಳಿಯ ಬಹುಪಾಲು ಮನೆಗಳಿಗೆ ಮುಳಿಹುಲ್ಲು, ಅಡಿಕೆ ಸೋಗೆ ಅಥವಾ ತೆಂಗಿನ ಗರಿಯ ಹೊದಿಕೆ. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ನಾಡಿನಲ್ಲಿ ಇದನ್ನು ಮತ್ತೆ ಮತ್ತೆ ಹೊಸದಾಗಿ ಹೊದಿಸಬೇಕು. ಬೇಸಿಗೆಯಲ್ಲಿ ಒಂದು ಕಿಡಿ ಸಾಕು, ಕೇರಿಗೆ ಕೇರಿಯೇ ಬೂದಿ. ಹಂಚು ಇರಲೇ ಇಲ್ಲವೆಂದಲ್ಲ. ಕುಂಬಾರರು ತಿಗರಿಯ ಮೇಲೆ ಮಾಡುತ್ತಿದ್ದ ಅರೆಕೊಳವೆಯಂಥ ನಾಡಹಂಚು ದೇವಸ್ಥಾನ, ಸಿರಿವಂತರ ಮನೆಗಳ ಮೇಲಿತ್ತು. ಆದರೆ ಅದನ್ನು ಒಂದರ ಮೇಲೊಂದು ದಟ್ಟವಾಗಿ ಹೊದಿಸಬೇಕಾದ್ದರಿಂದ ಮಾಡಿಗೆ ಭಾರ, ಭಾರಕ್ಕೆ ತಕ್ಕಂತೆ ಮೋಪಿನ ಖರ್ಚು. ಪಕ್ಕದ ಮಲಬಾರಿನಲ್ಲಂತೂ ಹಿಂದಿನ ಕಾಲದಲ್ಲಿ ಅರಸರ ಅಪ್ಪಣೆ ಇಲ್ಲದೆ ಸಾಮಾನ್ಯರು ಮನೆಗೆ ಹಂಚು ಹೊದಿಸುವಂತಿರಲಿಲ್ಲ. ತಲೆಯ ಮೇಲಿನ ಮಾಡೇ ಅಂತಸ್ತನ್ನು ಹೇಳುತ್ತಿತ್ತು ಎನ್ನಬಹುದು.

ಹೊಸ ಹಂಚಿನ ಗುಟ್ಟು ಅದರ ಅಂಚಿನಲ್ಲಿದೆ. ಒಂದರ ಏಣು ಪಕ್ಕದ್ದರ ಕಾಲುವೆಯೊಳಗೆ ಕೂರುತ್ತದೆ. ಅಡಿಭಾಗದ ಗುಬಟು ಮರದ ರೀಪಿಗೆ ಸಿಕ್ಕಿಕೊಂಡು ಜಾರದಂತೆ ಹಿಡಿಯುತ್ತದೆ. ಗಾರೆ ಬೇಡ, ಮೊಳೆ ಬೇಡ. ಈ ಉಪಾಯ ಮಂಗಳೂರಿನದಲ್ಲ. ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗಿಲಾರ್ಡೊನಿ ಸಹೋದರರು 1841ರಲ್ಲೇ ಹೀಗೆ ಒಂದಕ್ಕೊಂದು ಬೆಸೆದುಕೊಳ್ಳುವ ಹಂಚಿಗೆ ಪೇಟೆಂಟ್ ಪಡೆದಿದ್ದರು. ಮಾರ್ಸೇಲ್ ಬಂದರಿನ ಸುತ್ತಮುತ್ತಲ ಕಾರ್ಖಾನೆಗಳು ಅಂಥ ಹಂಚನ್ನು ಹಡಗಿನಲ್ಲಿ ತುಂಬಿ ದೇಶಾಂತರ ಕಳುಹಿಸುತ್ತಿದ್ದವು. ಮಂಗಳೂರು ಹಂಚು ಆ ವಂಶದ್ದೇ. ಸುಮಾರು 41 ಸೆಂಟಿಮೀಟರ್ ಉದ್ದ, 23 ಸೆಂಟಿಮೀಟರಿಗಿಂತ ತುಸು ಹೆಚ್ಚು ಅಗಲ, ಎರಡರಿಂದ ಮೂರು ಕಿಲೋ ತೂಕ. ಒಂದು ಚದರ ಮೀಟರ್ ಮಾಡಿಗೆ ಹದಿನೈದು ಹಂಚು ಬೇಕು. ಎಲ್ಲವೂ ಒಂದೇ ಅಳತೆಯವಾದ್ದರಿಂದ ಒಡೆದದ್ದನ್ನು ತೆಗೆದು ಬೇರೊಂದನ್ನು ಸಿಕ್ಕಿಸುವುದು ಯಾರಿಗೂ ಸಾಧ್ಯ. ಮಂಗನ ಕಾಟವಿದ್ದ ಊರಿನವರಿಗೆ ಇದರ ಬೆಲೆ ಗೊತ್ತು.

ತಂಪಿನ ವಿಷಯಕ್ಕೆ ಬಂದರೆ, ಹಂಚಿನ ಮನೆ ತಂಪೆಂಬುದು ಬರೀ ಹಳೆಯ ನೆನಪಿನ ಮಾತಲ್ಲ. ಹಂಚು ಹಂಚುಗಳ ನಡುವಿನ ಸಣ್ಣ ಸಂದುಗಳಲ್ಲಿ ಮೇಲೇರಿದ ಬಿಸಿಗಾಳಿ ಹೊರಹೋಗುತ್ತದೆ. ಸುಟ್ಟ ಮಣ್ಣು ಸ್ವಲ್ಪ ನೀರು ಹೀರಿ, ಅದು ಆರುವಾಗ ಶಾಖವನ್ನು ಕಳೆದುಕೊಳ್ಳುತ್ತದೆ. ಅಡುಗೆಮನೆಯ ಹೊಗೆಗೂ ಅವೇ ಸಂದುಗಳು ದಾರಿ. ಬೆಳಕಿಗೆ ನಡುವೆ ಒಂದೆರಡು ಗಾಜಿನ ಹಂಚು.

ಮಾಡುವ ಕೆಲಸ ಮಾತ್ರ ಇಷ್ಟು ಹಗುರಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ಬಯಲಿನಿಂದ ದೋಣಿಗಳಲ್ಲಿ ಮಣ್ಣು ಬರಬೇಕು. ಮಳೆಗಾಲದಲ್ಲಿ ಅಗೆಯಲಾಗದು, ಬೇಸಿಗೆಯಲ್ಲೇ ಗುಡ್ಡೆ ಹಾಕಿಕೊಳ್ಳಬೇಕು. ಬೇರೆ ಬೇರೆ ಹದದ ಮಣ್ಣು ಬೆರೆಸಿ, ಕಲ್ಲು ಆರಿಸಿ, ಯಂತ್ರದಲ್ಲಿ ನಾದಿ, ಹಲಗೆಯಾಕಾರದ ತುಂಡು ಮಾಡಿ, ಅಚ್ಚಿನಲ್ಲಿಟ್ಟು ಒತ್ತಬೇಕು. ಹಸಿ ಹಂಚಿನ ಅಂಚು ಹೆರೆದು, ನೆರಳಿನ ಅಟ್ಟಣಿಗೆಗಳಲ್ಲಿ ದಿನಗಟ್ಟಲೆ ಒಣಗಿಸಬೇಕು. ಅವಸರ ಮಾಡಿದರೆ ಸೊಟ್ಟಗಾಗುತ್ತದೆ, ಬಿರಿಯುತ್ತದೆ. ಕೊನೆಗೆ ಗೂಡಿನ ಬೆಂಕಿ. ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಅಲ್ಲಿ ಕೆಂಪಾಗುತ್ತದೆ. ಗೂಡಿನ ಬಾಯಲ್ಲಿ ನಿಂತವನಿಗೆ ಕಾವು, ಮಣ್ಣು ಹೊತ್ತವಳಿಗೆ ಕತ್ತುನೋವು. ಹೊರುವ, ಅಡುಕುವ, ಹೆರೆಯುವ ಕೆಲಸಗಳಲ್ಲಿ ಹೆಂಗಸರೇ ಹೆಚ್ಚಿದ್ದರು.

ಬೆಳೆ, ಹಬ್ಬ, ಒಡೆಯನ ಕರೆಗಳನ್ನು ಅನುಸರಿಸಿ ದುಡಿದವರಿಗೆ ಗಡಿಯಾರದ ಪ್ರಕಾರ ಕೆಲಸ, ಭಾನುವಾರ ರಜೆ, ಕೈಗೆ ರೊಕ್ಕದ ಕೂಲಿ ಎಂಬುವು ಹೊಸತಾಗಿದ್ದವು. ಬೇಸಾಯಗಾರನ ಮನೆಯಲ್ಲಿ ಅಕ್ಕಿಗೆ ದುಡಿದವಳು ತನ್ನ ಹೆಸರಿನಲ್ಲಿ ಹಣ ಪಡೆದಳು. ಶಿಸ್ತು ಬಿಗಿಯಾಗಿತ್ತು, ಮಿಷನ್ನಿನ ಕಣ್ಣು ಕೆಲಸಗಾರರ ಮನೆಯೊಳಗಿನ ನಡತೆಯ ಮೇಲೂ ಇತ್ತು ಎಂಬುದನ್ನೂ ಮರೆಯುವಂತಿಲ್ಲ. ಇತ್ತ ನಾಡಹಂಚು ಮಾಡುತ್ತಿದ್ದ ಕುಂಬಾರರ ಗಿರಾಕಿಗಳು ಕರಗಿದರು. ಒಬ್ಬರಿಗೆ ಬಂದ ಕೆಲಸ ಇನ್ನೊಬ್ಬರಿಂದ ಹೋದದ್ದು.

ಬೇಡಿಕೆ ಏರಿದಂತೆ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಲ್ಲಿ ಮಿಷನ್ನಿನ ಕಾರ್ಖಾನೆಗಳೆದ್ದವು. ಸ್ಥಳೀಯ ಉದ್ಯಮಿಗಳೂ ಸುಮ್ಮನಿರಲಿಲ್ಲ. ಹೊಳೆದಂಡೆಯುದ್ದಕ್ಕೂ ಚಿಮಣಿಗಳು ಕಾಣಿಸಿಕೊಂಡವು. ಮಂಜಿಗಳಲ್ಲಿ ಹಂಚು ಮುಂಬಯಿಗೆ ಹೋಯಿತು. ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳನ್ನೂ ಮುಟ್ಟಿತು. ರೈಲು ನಿಲ್ದಾಣ, ಶಾಲೆ, ಕಚೇರಿ, ಬಂಗಲೆಗಳ ಮೇಲೆ ಕೂತಿತು. ಹೀಗೆ ಬೆಳೆದ ಉದ್ಯಮವನ್ನು ಕಟ್ಟಿದವರ ಕೈಯಿಂದ ಕಿತ್ತುಕೊಂಡದ್ದು ಮೊದಲನೆಯ ಮಹಾಯುದ್ಧ. ಜರ್ಮನರು ಶತ್ರುಗಳೆನಿಸಿದಾಗ ಬ್ರಿಟಿಷ್ ಸರ್ಕಾರ ಮಿಷನ್ನಿನ ಉದ್ದಿಮೆಗಳನ್ನು ವಶಪಡಿಸಿಕೊಂಡಿತು. ಯುದ್ಧಾನಂತರ ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಕೆಲಸಗಾರರ ದೃಷ್ಟಿಯಲ್ಲಿ ಇನ್ನೂ ದೊಡ್ಡ ಬದಲಾವಣೆ ಬಂದದ್ದು 1930-40ರ ದಶಕಗಳಲ್ಲಿ. ಹಂಚು, ಬೀಡಿ, ಗೇರುಬೀಜದ ಕಾರ್ಮಿಕರು ಸಂಘ ಕಟ್ಟಿ ಕೂಲಿ ಹೆಚ್ಚಳಕ್ಕಾಗಿ ಕಾರ್ಖಾನೆಯ ಗೇಟಿನ ಮುಂದೆ ನಿಂತರು. ಆಶ್ರಯವೆಂದು ಕೊಟ್ಟ ಕೆಲಸ ಆ ಹೊತ್ತಿಗೆ ಹಕ್ಕಾಗಿತ್ತು.

ಇಳಿಗಾಲ ಒಂದೇ ಕಾರಣದಿಂದ ಬಂದದ್ದಲ್ಲ. ಕಾಂಕ್ರೀಟಿನ ತಾರಸಿ ಅಂತಸ್ತಿನ ಹೊಸ ಗುರುತಾಯಿತು. ಪಕ್ಕಾಸು, ರೀಪುಗಳಿಗೆ ಬೇಕಾದ ಮರ ದುಬಾರಿಯಾಯಿತು. ಒಳ್ಳೆಯ ಮಣ್ಣಿಗಾಗಿ ಗದ್ದೆ ಅಗೆಯುವುದಕ್ಕೆ ಆಕ್ಷೇಪ, ನಿರ್ಬಂಧಗಳು ಬಂದವು. ಸೌದೆ ಸಿಗದಾಯಿತು. ಗೂಡಿನ ಕಾವಿಗೆ ಮೈಯೊಡ್ಡಲು ಕೆಲಸಗಾರರ ಮಕ್ಕಳು ಒಪ್ಪಲಿಲ್ಲ, ಅವರನ್ನು ದೂರುವಂತೆಯೂ ಇಲ್ಲ. ಹತ್ತಾರು ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಹೊಳೆಯಂಚಿನ ಆ ಜಾಗಗಳಿಗೆ ಈಗ ಹಂಚಿಗಿಂತ ಹೆಚ್ಚು ಬೆಲೆ.

ಕೆಡವಿದ ಮನೆಗಳ ಹಂಚಿಗೆ ಮಾತ್ರ ಇವತ್ತಿಗೂ ಗಿರಾಕಿಗಳಿದ್ದಾರೆ. ಪಾಚಿ ಉಜ್ಜಿ ತೊಳೆದ ಹಳೆಯ ಹಂಚು ರೆಸಾರ್ಟುಗಳ ಮಾಡು ಸೇರುತ್ತದೆ. ಕೆಲವರು ಇಳಿಜಾರಾದ ಕಾಂಕ್ರೀಟಿನ ಮೇಲೆ ಅಂದಕ್ಕೆಂದು ಅದನ್ನು ಸಿಮೆಂಟಿನಿಂದ ಅಂಟಿಸುತ್ತಾರೆ. ಗಾಳಿಯಾಡುವ ಸಂದು ಅಲ್ಲಿಗೆ ಮುಚ್ಚಿಹೋಗುತ್ತದೆ. ಇನ್ನು ತಾರಸಿ ಸೋರತೊಡಗಿದ ಕರಾವಳಿಯ ಮನೆಗಳಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಮಾಡು ಕಟ್ಟುವುದು ಈಗ ಮಾಮೂಲು. ಹೆಚ್ಚಿನವರು ತಗಡು ಹೊದಿಸುತ್ತಾರೆ. ಹಳೆಯ ಮನೆಯ ಹಂಚನ್ನು ಹಿತ್ತಲಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದವರು ಅದನ್ನೇ ಮತ್ತೆ ಮೇಲಕ್ಕೆ ಏರಿಸುತ್ತಾರೆ.